ಟ್ಯಾಂಕರ್ ಡ್ರೈವರನ ರೋಜಾ

ರಂಜಾನ್ ತಿಂಗಳು ಇನ್ನೂ ಬಂದಿರಲಿಲ್ಲ, ಅಕಿ ಆಗಲೇ ನನ್ನ ಟೇಬಲ್ ಮುಂದ ಕುಂತು ಅಳಾಕತ್ತಿದ್ಲು. ನಮ್ಮ ಆರೋಗ್ಯ ಕೇಂದ್ರದಾಗ ವಾರಕ್ಕೊಮ್ಮೆ ಮನಸ್ಸಿನ ಬ್ಯಾನಿಯವರನ್ನ ನೋಡತಾರ. ಡಾಕ್ಟರಮ್ಮ ಪಣಜಿಯಿಂದ ಬರತಾರ, ನಾನು ಅಲ್ಲಿ ನರ್ಸ್. ದಾಬೋಲಿಮ್ ವಿಮಾನ ನಿಲ್ದಾಣದ ಸುತ್ತ ಬಾಡಿಗಿ ಖೋಲಿಯೊಳಗ ಇರೂ ನಮ್ಮ ಕಡೆ ಮಂದಿ ಕೊಂಕಣಿ ಡಾಕ್ಟರ ಮುಂದ "ಎಲ್ಲಾ ಬರೋಬರ್ ಐತಿ" ಅಂತ ತಲಿ ಅಲ್ಲಾಡಿಸಿ ಹೊರಗ ಬಂದು, ನನ್ನ ಟೇಬಲ್ ಮುಂದ ಕುಂತು ಖರೇ ಮಾತು ಹೇಳತಾರ. ನಾನು ಇಂಡಿ ತಾಲೂಕಿನಾಕಿ. ಸಿಟ್ಟು ಜಾಸ್ತಿ, ಬಾಯೂ ಜಾಸ್ತಿ. ಆದ್ರೂ ನನ್ನ ಹತ್ರನ ಬರತಾರ, ಯಾಕಂದ್ರ ಬೈದ್ರೂ ಕನ್ನಡದಾಗ ಬೈತೇನಿ.

ಅಕಿ ಗಂಡ ನೀರಿನ ಟ್ಯಾಂಕರ್ ಓಡಸೂ ಡ್ರೈವರ್. ವಿಜಯಪುರ ಕಡೆಯ ಮುಸ್ಲಿಂ ಮನಿತನ. ಮನಿಯಾಗ ಉರ್ದು, ಓಣ್ಯಾಗ ಹಿಂದಿ, ನನ್ನ ಮುಂದ ಕನ್ನಡ. ಅವನ ಬ್ಯಾನಿ ಎರಡು ಕಡೆ ಎಳಿಯೂ ಬ್ಯಾನಿ. ಒಮ್ಮೆ ಮನಸ್ಸು ಏರಿದ್ರ ನಿದ್ದಿ ಬ್ಯಾಡ, ಊಟ ಬ್ಯಾಡ, ಜಗತ್ತೇ ನಂದು ಅಂತಾನ. ಇಳಿದ್ರ ಹಾಸಿಗಿ ಬಿಟ್ಟು ಏಳೂದಿಲ್ಲ. ಬ್ಯಾರೆ ಗುಳಿಗಿ ಕೊಟ್ಟು ನೋಡಿದ್ವಿ, ಲಿವರ್ ಕೆಟ್ಟಿತು. ಕಡೀಕ ಲಿಥಿಯಂ ಒಂದು ಹಿಡೀತು. ಲಿಥಿಯಂ ಅಂದ್ರ ಅದೂ ಒಂದು ನಮೂನಿ ಉಪ್ಪು. ರಕ್ತದಾಗ ಕಮ್ಮಿ ಇದ್ರ ಕೆಲಸ ಮಾಡೂದಿಲ್ಲ, ಸ್ವಲ್ಪ ಜಾಸ್ತಿ ಆದ್ರ ವಿಷ. ಮೈಯಾಗ ನೀರು ಆರಿತಂದ್ರ ತಾನಾಗೇ ಏರತೈತಿ. ಅದಕ್ಕ ಲಿಥಿಯಂ ತಗೊಳ್ಳೂ ಮಂದಿಗೆ ನಾವು ಮೊದಲು ಹೇಳೂದು ಗುಳಿಗಿ ಮಾತಲ್ಲ, ನೀರಿನ ಮಾತು.

ಮೂರು ವರ್ಷದ ಹಿಂದಿನ ರಂಜಾನ್‌ದಾಗ ಅಂವ ಗುಳಿಗಿ ಬಿಟ್ಟು ರೋಜಾ, ಅಂದ್ರ ಹಗಲೆಲ್ಲಾ ನೀರೂ ಮುಟ್ಟದ ಉಪವಾಸ, ಹಿಡಿದಿದ್ದ. ನಡು ತಿಂಗಳಿಗೆ ಮನಸ್ಸು ಏರಿತು. ಹೆಂಡ್ತಿಯ ಹೊಲಿಗಿ ಮಷಿನ್ ಒಯ್ದು ಮಸೀದಿ ಬಾಗಿಲಿಗೆ ಬೇಡಾಕ ಕುಂತಾಕಿಗೆ ದಾನ ಕೊಟ್ಟ. ಗ್ಯಾಸ್ ಸಿಲಿಂಡರ್ ಕೊಟ್ಟ. ಆಮ್ಯಾಲ ಟ್ಯಾಂಕರನ್ನ ವಿಮಾನ ನಿಲ್ದಾಣದ ರಸ್ತಾದ ಮ್ಯಾಲ ಅಡ್ಡ ನಿಲ್ಲಿಸಿ, ಬಂದವರಿಗೆಲ್ಲಾ ನೀರು ಹಂಚಕೋತ, ಕಯಾಮತ್ ಬಂತು, ಜಗತ್ತು ಮುಳುಗತೈತಿ ಅಂತ ಸಾರಾಕ ನಿಂತ. ಪೊಲೀಸರು ಕೈಕಾಲು ಕಟ್ಟಿ ಒಯ್ದು ಹುಚ್ಚಾಸ್ಪತ್ರಿಗೆ ಹಾಕಿದ್ರು. ಗುಣ ಆಗಿ ಬಂದ, ಕೆಲಸಾ ಹಿಡಿದ, ಹೆಂಡ್ತಿಗೆ ಹಳೇ ಮಷಿನ್ ಒಂದು ತಂದುಕೊಟ್ಟ. ಆದ್ರ ಓಣ್ಯಾಗ ಅವನ ಹೆಸರು ಹೋಗಿ 'ನೀರ್ ಹಂಚಿದಂವ' ಅಂತ ಆತು.

ಆಮ್ಯಾಲಿನ ಎರಡು ರಂಜಾನ್ ಅಂವ ರೋಜಾ ಹಿಡೀಲಿಲ್ಲ. ಹಿಡೀಲಿಲ್ಲ ಅಂತ ಯಾರಿಗೂ ಹೇಳಲೂ ಇಲ್ಲ. ಟ್ಯಾಂಕರ್ ಹಿಂದ ನಿಂತು ಕದ್ದು ನೀರು ಕುಡಿದು, ತುಟಿ ಒರಸಿಕೊಂಡು, ಸಂಜಿಗೆ ಎಲ್ಲಾರ ಜೋಡಿ ಖರ್ಜೂರ ಬಾಯಾಗ ಇಟ್ಕೊಂಡು ರೋಜಾ ಬಿಟ್ಟಂಗ ಮಾಡತಿದ್ದ. ಈ ವರ್ಷ ಹೆಂಡ್ತಿಗೆ ಸಾಫ್ ಹೇಳಿಬಿಟ್ಟಿದ್ದ, ಎರಡು ವರ್ಷ ಗುಳಿಗಿ ಸಲುವಾಗಿ ದೇವರ ಮುಂದ ಕಳ್ಳ ಆದೆ, ಈ ವರ್ಷ ಗುಳಿಗಿ ಬಿಟ್ಟು ರೋಜಾ ಹಿಡೀತೇನಿ ಅಂತ. ಅಕಿ ಅಳೂದು ಅದಕ್ಕ. ಮನಿ ಮತ್ತೊಮ್ಮೆ ಒಡೆದ್ರ ಕೂಡಸೂ ತ್ರಾಣ ನನ್ನ ಹತ್ರ ಇಲ್ರೀ ಸಿಸ್ಟರ್ ಅಂದ್ಲು.

ನಾನು ಅವನ್ನ ಕರಸಿದೆ. ಡಾಕ್ಟರಮ್ಮ ಸಮಾಧಾನದಿಂದ ಹೇಳಿದ್ರು, ನಿಮ್ಮ ಧರ್ಮದಾಗನ ರೋಗಿಗೆ ರೋಜಾ ಮಾಫ್ ಐತಂತಲ್ಲ, ಬಡವರಿಗೆ ಊಟ ಹಾಕಿದ್ರ ಆತು ಅಂತಲ್ಲ. ನಾ ಕನ್ನಡಕ್ಕ ತಿರುವಿ ಹೇಳಿದೆ. ಅಂವ ನಕ್ಕ. "ರೋಗಿಗೆ ಮಾಫ್ ಐತ್ರೀ. ರೋಗಿ ಯಾರು? ನಂಗ ಜ್ವರ ಐತೇನು, ಕಾಲು ಮುರದೈತೇನು?" ಅಂದ. ರೋಗಿ ಅಂತ ಒಪ್ಪಿದ್ರ ಮಾಫಿ, ಮಾಫಿ ತಗೊಂಡ್ರ ಯಾವ ರೋಗ ಅಂತ ಓಣಿ ಕೇಳತೈತಿ. ಹುಚ್ಚು ಬಿಟ್ಟ ಹೊರತು ಮದುವಿ ಆಗೂದಿಲ್ಲ, ಮದುವಿ ಆದ ಹೊರತು ಹುಚ್ಚು ಬಿಡೂದಿಲ್ಲ ಅಂತಾರಲ್ಲ, ಆ ಗತಿ ಆತು. ವಿಚಾರ ಮಾಡತೇನಿ ಅಂತ ಹೇಳಿ ಹೋದ. ಹೋಗಲಿ, ಗುಳಿಗಿ ಇನ್ನೂ ತಗೊಳ್ಳಾಕತ್ತಾನಲ್ಲ ಅಂತ ನಾವೂ ಸುಮ್ಮನಾದ್ವಿ.

ಕೆಡಿಸಿದ್ದು ಅಕಿಯ ಅಣ್ಣ. ಒಳ್ಳೆ ಮನಸ್ಸಿನವನ, ಅವಸರದ ಮನಿಷ್ಯಾ. ತಂಗಿ ಅಳೂದು ನೋಡಲಾರದ ಸೀದಾ ಮಸೀದಿಯ ಮೌಲಾನಾ ಅವರ ಹತ್ರ ಹೋಗಿ ಎಲ್ಲಾ ಹೇಳಿದ. ಮೌಲಾನಾನೂ ಕೆಟ್ಟವರಲ್ಲ. ರಂಜಾನ್ ಶುರು ಆಗೂ ಮೊದಲಿನ ಶುಕ್ರವಾರ, ನಮಾಜಿನ ಮುಂಚಿನ ಪ್ರವಚನದಾಗ, ಹೆಸರು ತಗೊಳ್ಳದ, ಮನಸ್ಸಿನ ಬ್ಯಾನಿ ಇದ್ದವರು ರೋಜಾ ಹಿಡೀದಿದ್ರ ಯಾರೂ ಅವರನ್ನ ಆಡಕೋಬ್ಯಾಡ್ರಿ, ಅವರಿಗೆ ಅಲ್ಲಾಹ್ ಮಾಫಿ ಕೊಟ್ಟಾನ ಅಂದ್ರು. ಎಷ್ಟು ಚಲೋ ಮಾತು! ಆದ್ರ ಯಾರ ಮಾತು ಅಂತ ತಿಳಿಯಾಕ ಹೆಸರು ಬೇಕಿತ್ತೇನು? ಮುಂದಿನ ಸಾಲಿನವರು ಹೊರಳಿ ನೋಡಿದ್ರು, ಹಿಂದಿನ ಸಾಲಿನವರು ಕತ್ತು ಎತ್ತಿ ನೋಡಿದ್ರು. ಎಲ್ಲಾರ ಕಣ್ಣೂ ಅವನ ಮ್ಯಾಲ ಬಿದ್ವು. ಅಂವ ನಮಾಜ್ ಮುಗಿಸಿ ಮನಿಗೆ ಬಂದು ಗುಳಿಗಿ ಅಷ್ಟೂ ಬಿಚ್ಚಿ ಬಚ್ಚಲಕ್ಕ ಸುರುವಿದ. ಹೆಂಡ್ತಿ ಜೋಡಿ ಮಾತು ಬಿಟ್ಟ. ನಮ್ಮ ಕೇಂದ್ರದ ಕಡೆ ಮಾರಿನೂ ಹಾಕಲಿಲ್ಲ.

ರೋಜಾ ಶುರು ಆದ್ವು. ನನ್ನ ಖರೇ ತ್ರಾಸು ಅಲ್ಲಿಂದ ಶುರು ಆತು. ಈ ಬ್ಯಾನಿ ಮತ್ತ ಏರಾಕತ್ತೈತಿ ಅಂತ ಗುರುತು ಹಿಡಿಯೂದು ಹೆಂಗ? ನಿದ್ದಿ ಕಮ್ಮಿ ಆತೇನು, ಊಟ ಬಿಟ್ಟಾನೇನು, ದೇವರ ಧ್ಯಾನ ಜಾಸ್ತಿ ಆತೇನು, ದಾನ ಮಾಡಾಕತ್ತಾನೇನು ಅಂತ ಕೇಳತೇವಿ. ರಂಜಾನ್‌ದಾಗ ಇವೆಲ್ಲಾ ಓಣಿಯ ಪ್ರತಿ ಮನಿಯಾಗ ನಡೀತಾವು. ನಸುಕಿನ್ಯಾಗ ಸಹರಿ ಊಟಕ್ಕ ಎಲ್ಲಾರೂ ಏಳತಾರ, ಎಲ್ಲಾರೂ ಹಸಿದಿರತಾರ, ಎಲ್ಲಾರ ಕೈಯೂ ದಾನಕ್ಕ ಬಿಚ್ಚಿರತೈತಿ. ನಮ್ಮ ಪ್ರಶ್ನಿ ಅಷ್ಟೂ ಅಲ್ಲಿ ಉಪಯೋಗಕ್ಕ ಬರಲಿಲ್ಲ. ಒಬ್ಬ ಧರ್ಮಿಷ್ಠ ಮನಿಷ್ಯಾಗೂ ಒಬ್ಬ ರೋಗಿಗೂ ನಡುವ ಗೆರಿ ಎಲ್ಲಿ ಎಳೀಲಿ ಅಂತ ನನಗ ತಿಳೀಲಿಲ್ಲ.

ಬಿಪಿ ನೋಡೂ ನೆವದಿಂದ ಅವರ ಓಣಿಗೆ ಹೋಗಿ ಅವನ ಹೆಂಡ್ತಿಯನ್ನ ಕೇಳಿದೆ. ಅಕಿ ಹೊಲಿಗಿ ನಿಲ್ಲಿಸಿ ಸ್ವಲ್ಪ ವಿಚಾರ ಮಾಡಿದ್ಲು. ಚಲೋ ಇದ್ದಾಗ ಅಂವ ಬಾಂಗಡಾ ಮೀನಿನ ಸಾರಿಗೆ ಖಾರ ಜಾಸ್ತಿ ಆತು, ರೊಟ್ಟಿ ಕರಕಾತು ಅಂತ ದಿನಾ ತಕರಾರು ತೆಗೀತಾನಂತ. ಮನಸ್ಸು ಏರಾಕತ್ತಿದ್ರ ಏನು ಹಾಕಿದ್ರೂ ವಾಹ್ ವಾಹ್ ಅಂತಾನಂತ. ಈಗ ಹೆಂಗ ಅಂತ ಕೇಳಿದೆ. ನಿನ್ನಿ ನಾ ಸಾರಿಗೆ ಉಪ್ಪು ಹಾಕೂದು ಮರೆತಿದ್ದೆ, ಅಂವ ಮಾತಾಡಲಿಲ್ಲ, ಆದ್ರ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದ ಅಂದ್ಲು. ನನಗ ಅಷ್ಟು ಸಾಕಾತು. ಇನ್ನೂ ಕೆಟ್ಟಿಲ್ಲ, ಇನ್ನೂ ಹೊತ್ತು ಐತಿ ಅಂದ್ಕೊಂಡೆ.

ಮರುದಿನ ಮುಂಜಾನಿ ಟ್ಯಾಂಕರ್ ತುಂಬೂ ಬಾವಿ ಹತ್ರ ಹೋದೆ. ಸಾಲಾಗಿ ಗಾಡಿ ನಿಂತಿರತಾವು, ಪಾಳಿ ಬರೂತನಕ ಡ್ರೈವರಗಳು ಗೇರು ಗಿಡದ ನೆಳ್ಳಾಗ ಕುಂತಿರತಾರ. ನನ್ನ ನೋಡಿದ ಕೂಡಲೇ ಅಂವ ಎದ್ದು ಗಾಡಿ ಆಚಿ ಬಾಜೂಕ ಹೋದ. ನಾನೂ ಬೆನ್ನು ಹತ್ತಿದೆ. ಬೈಯಬೇಕಂತನ ಹೋಗಿದ್ದೆ, ಸುಳ್ಳ್ಯಾಕ ಹೇಳಲಿ. ಆದ್ರ ಅವನ ಮಾರಿ ನೋಡಿ ಬೈಯೂದು ಬಿಟ್ಟೆ. ಮೌಲಾನಾ ಅವರಿಗೆ ಹೇಳಿದ್ದು ನಾನಲ್ಲ, ಡಾಕ್ಟರಮ್ಮನೂ ಅಲ್ಲ, ಆದ್ರ ಆದದ್ದು ಕೆಟ್ಟದಾತು ಅಂದೆ. ಅಂವ ಗಾಡಿಯ ಬಾಗಿಲು ಹಾಕಿ ನನ್ನ ಕಡೆ ಹೊರಳಿದ. ಆಮ್ಯಾಲ ಹೇಳಿದ.

"ಸಿಸ್ಟರ್, ಹುಚ್ಚಾಸ್ಪತ್ರಿಯಿಂದ ಬಂದ ಮ್ಯಾಲ ನನ್ನ ಜೋಡಿ ಕುಂತು ಚಾ ಕುಡಿಯೂದಂದ್ರೂ ಮಂದಿ ವಿಚಾರ ಮಾಡತಾರ. ರಂಜಾನ್‌ದಾಗ ಒಂದ ತಿಂಗಳು ಹಂಗಿಲ್ಲ. ಎಲ್ಲಾರೂ ಹಸಿದಿರತಾರ, ನಾನೂ ಹಸಿದಿರತೇನಿ. ಭುಜಕ್ಕ ಭುಜ ಹಚ್ಚಿ ನಿಲ್ಲತೇವಿ. ಅದನ್ನೂ ಬಿಡು ಅಂತೀರೇನು?"

ಇಷ್ಟು ದಿನ ನಾವು ಅವನ ಮುಂದ ಇಟ್ಟಿದ್ದು ಎರಡ ಮಾತು, ಗುಳಿಗಿ ಇಲ್ಲಾ ರೋಜಾ. ಅವಂಗ ಏನು ಬೇಕು ಅಂತ ಯಾರೂ ಕೇಳಿರಲಿಲ್ಲ. ಕೇಳಿದೆ. ಅಂವ ಗಾಡಿಯ ಚಕ್ರದ ಕಡೆ ನೋಡಕೋತ ಹೇಳಿದ, ನನಗ ರೋಜಾನೂ ಬೇಕು, ತಲಿನೂ ನೆಟ್ಟಗ ಇರಬೇಕು. ಮಷಿನ್ ದಾನ ಕೊಟ್ಟಾಗ ಹೆಂಡ್ತಿಯ ಮಾರಿ ಹೆಂಗಾಗಿತ್ತು ಅಂತ ನಂಗ ನೆನಪೈತಿ ಅಂದ. ನಮಗ ಬೇಕಾದ ಮಾತು ಅದೇ ಇತ್ತು, ಇಷ್ಟು ದಿನ ಅವನ ಹೊಟ್ಟಿಯಾಗ ಇತ್ತು.

ಡಾಕ್ಟರಮ್ಮಗ ಫೋನ್ ಹಚ್ಚಿದೆ. ಅವರು ಒಪ್ಪಲಿಲ್ಲ. ಈ ಬಿಸಿಲಿನ್ಯಾಗ, ದಿನವಿಡೀ ನೀರಿಲ್ಲದ, ಲಿಥಿಯಂ ಮ್ಯಾಲ, ಅದೂ ಗಾಡಿ ಓಡಸೂ ಮನಿಷ್ಯಾ! ತಲಿ ಕೆಟ್ಟೈತೇನು ನಿಂಗ ಅಂತ ನನಗ ಕೇಳಿದ್ರು. ನಾ ಅಂದೆ, ಬ್ಯಾಡ ಅಂದ್ರ ಅಂವ ಗುಳಿಗಿ ಇಲ್ಲದನ ರೋಜಾ ಮಾಡತಾನ, ಹೂಂ ಅಂದ್ರ ನಮ್ಮ ಕಣ್ಣ ಮುಂದ ಮಾಡತಾನ, ಇವೆರಡರಾಗ ಯಾವುದು ಬೇಕು ಹೇಳ್ರಿ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು. ಕಡೀಕ ಅವರು "ಪಳೊವ್ಯಾ" ಅಂದ್ರು. ಕೊಂಕಣಿಯಾಗ ನೋಡೋಣು ಅಂತ. ಅವರು ಹಂಗಂದ್ರ ಅರ್ಧ ಒಪ್ಪಿದಂಗ. ಆ ನಿರ್ಧಾರ ಸರಿ ಇತ್ತೋ ತಪ್ಪಿತ್ತೋ ಅಂತ ನಮ್ಮಿಬ್ಬರ ನಡುವ ಇವತ್ತಿಗೂ ವಾದ ಐತಿ. ನನ್ನ ಮಾತು ಪೂರ್ತಿ ಖರೇ ಅಂತ ನಾನೂ ಎದಿ ಮುಟ್ಟಿ ಹೇಳಲಾರೆ.

ಮರುದಿನ ಗಂಡ ಹೆಂಡ್ತಿ ಇಬ್ಬರನ್ನೂ ಕುಂಡ್ರಿಸಿ ಕರಾರು ಮಾಡಿದ್ವಿ. ಎರಡು ಹೊತ್ತಿನ ಗುಳಿಗಿ ಒಂದ ಹೊತ್ತಿಗೆ, ಸ್ವಲ್ಪ ಕಮ್ಮಿ ಮಾಡಿ, ರಾತ್ರಿ ತರಾವೀಹ್ ನಮಾಜ್ ಮುಗಿದ ಮ್ಯಾಲ. ಸಂಜಿ ಇಫ್ತಾರ್‌ದಿಂದ ನಸುಕಿನ ಸಹರಿತನಕ ಇಷ್ಟು ನೀರು ಕುಡೀಲೇಬೇಕು ಅಂತ ದೊಡ್ಡ ಬಾಟಲಿ ತೋರಿಸಿ ಹೇಳಿದ್ವಿ, ಚಾ ಲೆಕ್ಕಕ್ಕಿಲ್ಲ. ಉಪ್ಪು ಬಿಡಬಾರದು. ಮೈಕೈ ನೋವಿಗೆ ಅಂಗಡಿ ಗುಳಿಗಿ ನುಂಗಬಾರದು, ಅವೂ ಲಿಥಿಯಂ ಏರಸತಾವು. ನಡು ಹಗಲು ಗಾಡಿ ಮುಟ್ಟಬಾರದು. ಕೈ ನಡುಗಿದ್ರ, ವಾಂತಿ ಆದ್ರ, ನಾಲಿಗಿ ತೊದಲಿದ್ರ, ಕಾಲು ಅತ್ತಿತ್ತ ಬಿದ್ರ, ಹೊತ್ತು ಮುಳುಗಾಕ ಒಂದು ಗಳಿಗಿ ಉಳಿದಿದ್ರೂ ಆ ಕ್ಷಣಾ ರೋಜಾ ಬಿಡಬೇಕು.

ಬಿಡು ಅಂತ ಹೇಳೂದು ಯಾರು? ಅಂವ ಇದನ್ನ ಗಟ್ಟಿ ಹಿಡಿದ. ಡಾಕ್ಟರಮ್ಮ ಹೇಳಿದ್ರ ಕೇಳಂಗಿಲ್ಲ, ಅವರಿಗೆ ರೋಜಾ ಅಂದ್ರ ಗೊತ್ತಿಲ್ಲ. ಮೌಲಾನಾ ಬ್ಯಾಡ. ಅಕಿಯ ಅಣ್ಣನ ಹೆಸರಂತೂ ಎತ್ತಬ್ಯಾಡ್ರಿ. ಕಡೀಕ ಹೆಂಡ್ತಿಯ ಕಡೆ ಕೈ ಮಾಡಿದ. ಆ ಶುಕ್ರವಾರದಿಂದ ಅಕಿ ಜೋಡಿ ಒಂದು ಮಾತೂ ಆಡಿರಲಿಲ್ಲ ಅಂವ. "ಇಕಿ ಬಿಡು ಅಂದ್ರ ಬಿಡತೇನಿ. ಇಕಿನೂ ರೋಜಾ ಇರತಾಳ, ಸುಮ್ಮ ಸುಮ್ಮನ ಅನ್ನೂದಿಲ್ಲ" ಅಂದ. ಅಕಿ ಸೆರಗಿನಿಂದ ಮಾರಿ ಮುಚ್ಚಿಕೊಂಡ್ಲು.

ವಾರ ಆದ ಮ್ಯಾಲ ರಕ್ತ ತೆಗೀಬೇಕಿತ್ತು. ಲಿಥಿಯಂ ಅಳತಿ ಮಾಡೂ ರಕ್ತ ಗುಳಿಗಿ ನುಂಗಿ ಹನ್ನೆರಡು ತಾಸಿಗೆ ತೆಗೀಬೇಕು, ಅಂದ್ರ ಮುಂಜಾನಿ, ಅಂವ ರೋಜಾದಾಗ ಇರೂ ಹೊತ್ತು. ಸೂಜಿ ಚುಚ್ಚಿದ್ರ ನಿಮ್ಮ ರೋಜಾ ಮುರೀತೈತೇನು ಅಂತ ಅಂಜಕೋತ ಕೇಳಿದೆ. ಅಂವ ನಕ್ಕು, "ರಕ್ತ ಕೊಟ್ಟರ ಮುರಿಯೂದಿಲ್ಲ, ನಿಮ್ಮ ಬೈಗುಳ ಕೇಳಿ ನಾ ತಿರುಗಿ ಬೈದ್ರ ಮಾತ್ರ ಸವಾಬ್, ಪುಣ್ಯ, ಹೋಗತೈತಿ" ಅಂದ. ನನಗ ಜೀವ ಬಂದಂಗಾತು. ಹೊಸ ಲ್ಯಾಬ್ ಹುಡುಗಿ ಹಸಿರು ಮುಚ್ಚಳದ ನಳಿಗಿ ಕೈಗೆ ಕೊಟ್ಲು. ಆ ನಳಿಗಿಯೊಳಗ ರಕ್ತ ಹೆಪ್ಪುಗಟ್ಟಬಾರದಂತ ಹಾಕೂ ಔಷಧದಾಗನ ಲಿಥಿಯಂ ಇರತೈತಿ. ಅದರಾಗ ತೆಗೆದ್ರ ಇಲ್ಲದ ವಿಷ ಐತಿ ಅಂತ ರಿಪೋರ್ಟ್ ಬರತಿತ್ತು. ಕೆಂಪು ಮುಚ್ಚಳದ್ದು ತಗೊಂಬಾ ತಾಯಿ ಅಂದೆ. ರಿಪೋರ್ಟ್ ಚಲೋ ಬಂತು, ನಡು ಮಟ್ಟದಾಗ ಇತ್ತು. ಡಾಕ್ಟರಮ್ಮ ನನಗ ಒಂದು ಚಾ ತರಸಿದ್ರು. ಆ ವಾರ ಅವನ ಹೆಂಡ್ತಿ ಬಂದು, ರೊಟ್ಟಿ ಚರ್ಮ ಆಗ್ಯಾವು ಅಂತ ನಿನ್ನಿ ಸಿಟ್ಟು ಮಾಡಿದ್ರು ನೋಡ್ರಿ ಅಂತ ನಕ್ಕೋತ ಹೇಳಿದ್ಲು.

ಮುಂದಿನ ವಾರ ಬಿಸಿಲು ಬ್ಯಾರೆನ ಆತು. ಸಮುದ್ರದಿಂದ ಗಾಳಿ ನಿಂತು ಮೈಯೆಲ್ಲಾ ಅಂಟಂಟು. ಹೌಸಿಂಗ್ ಸೊಸೈಟಿಗಳ ಬಾವಿ ಬತ್ತಿದ್ದಕ್ಕ ಟ್ಯಾಂಕರಿಗೆ ಗಿರಾಕಿ ಹೆಚ್ಚಾದ್ರು, ಮಾಲೀಕ ಫೋನ್ ಮ್ಯಾಲ ಫೋನ್ ಮಾಡಾಕ ಹತ್ತಿದ. ಎರಡನೇ ರಿಪೋರ್ಟ್ ಮ್ಯಾಲಿನ ಗೆರಿ ಮುಟ್ಟಿತ್ತು. ಡಾಕ್ಟರಮ್ಮ ಗುಳಿಗಿ ಇನ್ನೂ ಕಮ್ಮಿ ಮಾಡಿ, ರೋಜಾ ಈಗ ಸಾಕು ಅಂತ ಹೇಳು ಅಂದ್ರು. ಹೇಳಿದೆ. ಕೈ ನಡುಗಾಕತ್ತಿಲ್ಲ, ವಾಂತಿ ಇಲ್ಲ, ಕರಾರಿನ್ಯಾಗ ಇದ್ದದ್ದು ಒಂದೂ ಆಗಿಲ್ಲ ಅಂದ. ಕರಾರು ನಾವ ಮಾಡಿದ್ದು, ಏನು ಅನ್ನೂದು? ಆ ದಿನದಿಂದ ರಾತ್ರಿನೂ ಫೋನ್ ದಿಂಬಿನ ಬಾಜೂಕ ಇಟ್ಕೊಂಡೆ.

ಅದ ವಾರದಾಗ ಒಂದು ದಿನ, ಹೊತ್ತು ಇಳಿಯಾಕ ಬಂದಾಗ ಅವನ ಹೆಂಡ್ತಿ ಫೋನ್ ಮಾಡಿದ್ಲು. ಮಾಲೀಕನ ಕಾಟಕ್ಕ ಅಂವ ಮಧ್ಯಾಹ್ನ ಗಾಡಿ ತಗದಿದ್ದ. ಬಾವಿ ಹತ್ರ ಪೈಪಿನ ಬಾಯಿ ಟ್ಯಾಂಕರಿಗೆ ಕೂಡಸಾಕ ಹೋದ್ರ ಕೈ ನಡುಗಿ ಕೂಡವಲ್ದು. ಎರಡು ಸಲ ವಾಂತಿ ಆತು. ಅಂವ ತಾನ ಹೆಂಡ್ತಿಗೆ ಫೋನ್ ಮಾಡಿ, ನನ್ನ ಕೈ ನನ್ನ ಮಾತು ಕೇಳವಲ್ದು, ಬಾ ಅಂದನಂತ. ನಾ ಆಂಬುಲೆನ್ಸಿಗೆ ಹೇಳಿ ಸ್ಕೂಟರ್ ಹತ್ತಿದೆ. ದೇವರ, ಈಗರ ಆ ಮನಿಷ್ಯಾ ಮಾತು ಉಳಿಸಿಕೊಳ್ಳಲಿ ಅಂತ ದಾರಿಯುದ್ದ ಬೇಡಕೊಂಡೆ. ಯಾವ ದೇವರಿಗೆ ಅಂತ ನೆನಪಿಲ್ಲ.

ನಾ ಹೋಗೂದರಾಗ ಅಕಿ ಬಂದಿದ್ಲು. ಅಂವ ಗೇರು ಗಿಡಕ್ಕ ಬೆನ್ನು ಹಚ್ಚಿ ಕುಂತಿದ್ದ, ತುಟಿ ಒಣಗಿ ಬೆಳ್ಳಗಾಗಿದ್ವು, ಬೆರಳು ಅದರತಿದ್ವು. ಸುತ್ತ ಡ್ರೈವರಗಳು ನಿಂತಿದ್ರು, ಎಲ್ಲಾರೂ ರೋಜಾದವರು. ಅಕಿ ಕೈಯಾಗ ನೀರಿನ ಬಾಟಲಿ. ಅಂವ ಮುಗಲ ಕಡೆ ನೋಡಿ, ಇನ್ನೇನು ಅಜಾನ್ ಆಗತೈತಿ, ಅಲ್ಲೀತನಕ ತಡಕೋತೇನಿ ಅಂದ. ಮಾತು ದಪ್ಪ ಆಗಿತ್ತು. ನಾ ಬಾಯಿ ತೆಗೆಯಾಕ ಹೋದೆ, ಅಕಿ ನನ್ನ ಕೈ ಹಿಡಿದು ನಿಲ್ಲಿಸಿದ್ಲು. ಅವನ ಮುಂದ ಮೊಣಕಾಲೂರಿ ಕುಂತು ಅವರ ಉರ್ದುದಾಗ ಒಂದ ಮಾತು ಹೇಳಿದ್ಲು. "ನಾ ಹೇಳಾಕತ್ತೇನಿ. ಬಿಡ್ರಿ."

ಅಂವ ಅಕಿ ಮಾರಿ ನೋಡಿದ. ಆಮ್ಯಾಲ ಸುತ್ತ ನಿಂತವರನ್ನ ನೋಡಿದ. ಎದ್ದು ಗಾಡಿ ಹಿಂದ ಹೋಗತಾನೇನೋ ಅಂದ್ಕೊಂಡೆ. ಹೋಗಲಿಲ್ಲ. ಕುಂತಲ್ಲೇ, ಎಲ್ಲಾರ ಮುಂದ, ಬಿಸ್ಮಿಲ್ಲಾ ಅಂತ ಬಾಟಲಿ ಬಾಯಿಗೆ ಹಚ್ಚಿದ. ಅರ್ಧ ನೀರು ಅಂಗಿ ಮ್ಯಾಲ ಚೆಲ್ಲಿತು.

ಡ್ರೈವರಗಳ ಪೈಕಿ ಒಬ್ಬ ವಯಸ್ಸಾದಂವ ಇದ್ದ, ನಮಾಜಿಗೆ ದಿನಾ ಅವನ ಬಾಜೂಕ ನಿಲ್ಲೂ ಮನಿಷ್ಯಾ. ಎಲ್ಲಾರಿಗೂ ಅಂವ ಚಾಚಾ. ಮುಂದ ಬಂದು ಬಗ್ಗಿ, ಸಣ್ಣ ದನಿಯಿಂದ, "ಶುಗರ್ ಇಳೀತೇನಪಾ?" ಅಂದ.

ಹೆಂಡ್ತಿ ಥಟ್ಟನ, ಹೌದ್ರೀ ಚಾಚಾ, ಶುಗರ್ ಅಂದ್ಲು. ಅಲ್ಲಿಗೆ ಮುಗೀತಿತ್ತು. ಶುಗರ್ ಅಂದ್ರ ಯಾರು ನಗತಾರ? ಅರ್ಧ ಓಣಿಗೆ ಶುಗರ್ ಐತಿ.

ಅಂವ ಬಾಟಲಿ ಕೆಳಗಿಟ್ಟ. "ಶುಗರ್ ಅಲ್ಲ ಚಾಚಾ. ನಂದು ತಲಿ ಕೆಡತೈತಿ. ಅದಕ್ಕ ಗುಳಿಗಿ ನುಂಗತೇನಿ. ಆ ಗುಳಿಗಿಗೆ ನೀರು ಬೇಕು" ಅಂದ.

ಚಾಚಾ ಅವನ ಬಾಜೂಕ ನೆಲದ ಮ್ಯಾಲ ಕುಂತು, ಚೆಲ್ಲೂ ಬಾಟಲಿಯನ್ನ ತನ್ನ ಕೈಯಾಗ ತಗೊಂಡು ಅವನ ಬಾಯಿಗೆ ಹಿಡಿದ.

"ಗೊತ್ತೈತಿ," ಅಂದ. "ಇನ್ನೊಂದು ಗುಟುಕು ಕುಡಿ."